ಕಡಲಿನ ಹದಕ್ಕೆ 33 ದಿನ ಕಾದ ಆರತಿ ಸಾಹಾ

ಇಂಗ್ಲಿಷ್ ಕಾಲುವೆಯನ್ನು ಈಜಿ ದಾಟಿದ ಏಷ್ಯಾ ಖಂಡದ ಮೊದಲ ಮಹಿಳೆ ಆರತಿ ಸಾಹಾ, ವರ್ಷ 1959. ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವ ವಿದ್ಯಾರ್ಥಿಗಳಿಗೆ ಈ ಒಂದು ಸಾಲು ಬಾಯಿಪಾಠ. ಆದರೆ ಅದಕ್ಕೆ ಒಂದು ತಿಂಗಳು ಮುಂಚೆ ಇದೇ ಆರತಿ ಇದೇ ನೀರಿನಲ್ಲಿ, ದಡ ಇನ್ನು ಮೂರೇ ಮೈಲಿ ಇರುವಾಗ ಸೋತು ದೋಣಿ ಹತ್ತಿದ್ದರು ಎಂಬುದು ಬಹಳ ಜನರಿಗೆ ತಿಳಿಯದು. ಸೋಲು ಆಗಸ್ಟ್ 27ರಂದು. ಗೆಲುವು ಸೆಪ್ಟೆಂಬರ್ 29ರಂದು. ನಡುವೆ 33 ದಿನ. ಹತ್ತೊಂಬತ್ತು ವರ್ಷವೂ ತುಂಬದ ಆ ಯುವತಿ ಪರದೇಶದ ಕಡಲತೀರದಲ್ಲಿ ಕಳೆದ ಈ ದಿನಗಳನ್ನು ಬಿಟ್ಟು ಅವರ ಬದುಕನ್ನು ಹೇಳಲು ಹೊರಟರೆ ಉಳಿಯುವುದು ಪದಕ, ಪ್ರಶಸ್ತಿಗಳ ಪಟ್ಟಿ ಮಾತ್ರ.

ಆರತಿ ಹುಟ್ಟಿದ್ದು 1940ರ ಸೆಪ್ಟೆಂಬರ್ 24ರಂದು, ಅಂದಿನ ಕಲ್ಕತ್ತಾದ ಸಾಮಾನ್ಯ ಮಧ್ಯಮ ವರ್ಗದ ಕುಟುಂಬದಲ್ಲಿ. ತಂದೆ ಪಂಚುಗೋಪಾಲ ಸಾಹಾ ಸೇನೆಯಲ್ಲಿ ನೌಕರಿಯಲ್ಲಿದ್ದರು. ಮಗು ಎರಡೂವರೆ ವರ್ಷದ್ದಿರುವಾಗಲೇ ತಾಯಿ ತೀರಿಕೊಂಡರು. ಅಣ್ಣ, ತಂಗಿ ಸೋದರಮಾವನ ಮನೆಯಲ್ಲಿ ಬೆಳೆದರೆ ಆರತಿ ಉತ್ತರ ಕಲ್ಕತ್ತಾದಲ್ಲಿ ಅಜ್ಜಿಯ ಆಸರೆಯಲ್ಲಿ ಬೆಳೆದರು. ನಾಲ್ಕನೆಯ ವಯಸ್ಸಿನಲ್ಲಿ ಮನೆಯ ಹಿರಿಯರೊಡನೆ ಚಂಪಾತಲಾ ಘಾಟಿಗೆ ಸ್ನಾನಕ್ಕೆ ಹೋಗುತ್ತಿದ್ದಾಗ ನೀರಿನ ಗೆಳೆತನವಾಯಿತು. ವಿಜಯಪುರ ಜಿಲ್ಲೆಯ ಹಳ್ಳಿಗಳಲ್ಲಿ ಬೆನ್ನಿಗೆ ಬೆಂಡು ಕಟ್ಟಿಕೊಂಡು ಬಾವಿಗೆ ಇಳಿದ ಮಕ್ಕಳಿಗೆ ಈಸು ಬರುವಂತೆ, ಯಾವ ಶಾಸ್ತ್ರವೂ ಇಲ್ಲದೆ ಬಂದ ಈಜು ಅದು. ಮಗಳ ಆಸಕ್ತಿಯನ್ನು ಗುರುತಿಸಿದ ತಂದೆ ಅವಳನ್ನು ಹಾಟಖೋಲಾ ಈಜು ಸಂಘಕ್ಕೆ ಸೇರಿಸಿದರು. ಅಲ್ಲಿ ದೊರೆತ ಗುರು ಸಚಿನ್ ನಾಗ್. 1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ 100 ಮೀಟರ್ ಫ್ರೀಸ್ಟೈಲ್ ಚಿನ್ನ ಗೆದ್ದ ಈಜುಗಾರ ಇವರೇ.

ಐದನೆಯ ವಯಸ್ಸಿನಲ್ಲಿ, 1946ರಲ್ಲಿ, 110 ಗಜಗಳ ಸ್ಪರ್ಧೆಯಲ್ಲಿ ಮೊದಲ ಬಹುಮಾನ. 1951ರ ಹೊತ್ತಿಗೆ ರಾಜ್ಯಮಟ್ಟದ 22 ಸ್ಪರ್ಧೆಗಳಲ್ಲಿ ಜಯ. ಅದೇ ವರ್ಷ 100 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಅನ್ನು 1 ನಿಮಿಷ 37.6 ಸೆಕೆಂಡುಗಳಲ್ಲಿ ಮುಗಿಸಿ, ಮುಂಬಯಿಯ ಡಾಲಿ ನಜೀರ್ ಅವರ ಹೆಸರಿನಲ್ಲಿದ್ದ ರಾಷ್ಟ್ರೀಯ ದಾಖಲೆಯನ್ನು ಮುರಿದರು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದಲ್ಲಿ ನಾಲ್ವರು ಮಹಿಳೆಯರಿದ್ದರು. ಓಟಗಾರ್ತಿಯರಾದ ನೀಲಿಮಾ ಘೋಷ್ ಮತ್ತು ಮೇರಿ ಡಿಸೋಜಾ, ಈಜುಗಾರ್ತಿಯರಾದ ಡಾಲಿ ನಜೀರ್ ಮತ್ತು ಆರತಿ. ಆಗ ಆರತಿಯ ವಯಸ್ಸು 11. ಪದಕದ ಮಾತು ದೂರವಿತ್ತು. ಪ್ರಾಥಮಿಕ ಸುತ್ತಿನಲ್ಲೇ ಸ್ಪರ್ಧೆ ಮುಗಿಯಿತು. ಸ್ವದೇಶಕ್ಕೆ ಮರಳಿದ ಮೇಲೆ ಫ್ರೀಸ್ಟೈಲ್ ಸ್ಪರ್ಧೆಯೊಂದರಲ್ಲಿ ತಂಗಿಯ ಎದುರೇ ಸೋತು, ಅಂದಿನಿಂದ ಬ್ರೆಸ್ಟ್‌ಸ್ಟ್ರೋಕ್ ಒಂದನ್ನೇ ನೆಚ್ಚಿಕೊಂಡರು. ಗಂಗಾ ನದಿಯಲ್ಲಿ ನಡೆಯುತ್ತಿದ್ದ ದೂರದ ಈಜುಗಳಲ್ಲಿಯೂ ಪಾಲ್ಗೊಳ್ಳತೊಡಗಿದರು. ಕೊಳದಿಂದ ಹೊಳೆಗೆ, ಹೊಳೆಯಿಂದ ಕಡಲಿಗೆ ಎಂಬ ಅವರ ಪಯಣದ ದಿಕ್ಕು ಅಲ್ಲಿ ನಿಶ್ಚಯವಾಯಿತೆನ್ನಬೇಕು.

1958ರ ಆಗಸ್ಟ್‌ನಲ್ಲಿ ಪೂರ್ವ ಪಾಕಿಸ್ತಾನದ ಬ್ರೋಜೆನ್ ದಾಸ್ ಇಂಗ್ಲಿಷ್ ಕಾಲುವೆ ಈಜು ಸ್ಪರ್ಧೆಯಲ್ಲಿ ಪುರುಷರ ಪೈಕಿ ಮೊದಲಿಗರಾದರು. ಅದೇ ಸ್ಪರ್ಧೆಯಲ್ಲಿ ಡೆನ್ಮಾರ್ಕ್ ಮೂಲದ ಗ್ರೇಟಾ ಆಂಡರ್ಸನ್ 11 ಗಂಟೆ 1 ನಿಮಿಷದಲ್ಲಿ ದಡ ಸೇರಿ ಗಂಡಸರನ್ನೂ ಹಿಂದೆ ಹಾಕಿದರು. ಕಲ್ಕತ್ತಾದಿಂದ ಆರತಿ ಕಳಿಸಿದ ಅಭಿನಂದನೆಗೆ ಬ್ರೋಜೆನ್ ದಾಸ್ ಉತ್ತರ ಬರೆದು, ಆಕೆಯಿಂದಲೂ ಇದು ಸಾಧ್ಯವೆಂದು ತಿಳಿಸಿದರು. ಅಷ್ಟಕ್ಕೇ ಬಿಡದೆ ಮುಂದಿನ ವರ್ಷದ ಸ್ಪರ್ಧೆಗೆ ಅವರ ಹೆಸರನ್ನು ಸಂಘಟಕರಿಗೆ ಸೂಚಿಸಿದರು. ಅದೇ ಸೆಪ್ಟೆಂಬರ್ 27ರಂದು ಮಿಹಿರ್ ಸೇನ್ 14 ಗಂಟೆ 45 ನಿಮಿಷಗಳಲ್ಲಿ ಕಾಲುವೆ ದಾಟಿ ಆ ಸಾಧನೆ ಮಾಡಿದ ಮೊದಲ ಭಾರತೀಯರಾದರು. ಅದಕ್ಕೆ ಮುನ್ನ ಅವರೂ ಹಲವು ಸಲ ಸೋತಿದ್ದರು. ಆರತಿಯನ್ನು ಹುರಿದುಂಬಿಸಿದವರಲ್ಲಿ ಸೇನ್ ಸಹ ಒಬ್ಬರು.

ಹುರುಪು ಬಂದಿತು, ಹಣ ಬರಬೇಕಲ್ಲ. ಹಾಟಖೋಲಾ ಸಂಘದವರೂ ಹಿತೈಷಿಗಳೂ ಕೈಲಾದಷ್ಟು ಕೂಡಿಸಿದರು. ಮುಖ್ಯಮಂತ್ರಿ ಡಾ. ಬಿಧಾನಚಂದ್ರ ರಾಯ್ ಅವರ ಕಚೇರಿಯ ಮೂಲಕ 11 ಸಾವಿರ ರೂಪಾಯಿ ನೆರವು ದೊರೆಯಿತು. ಪ್ರಧಾನಿ ನೆಹರೂ ಕೂಡ ಆಸ್ಥೆ ತೋರಿದರು. ಇತ್ತ ದೇಶಬಂಧು ಉದ್ಯಾನದ ಕೊಳದಲ್ಲಿ, ಸಾವಿರಾರು ಜನರ ಎದುರಿನಲ್ಲಿ, ಆರತಿ ಎಡೆಬಿಡದೆ 8 ಗಂಟೆ ಈಜಿ ತೋರಿಸಿದರು. ಮುಂದೆ ಅದನ್ನು 16 ಗಂಟೆಗೆ ಏರಿಸಿದರು. ನಿಂತ ನೀರಿನಲ್ಲಿ ಅಷ್ಟು ಹೊತ್ತು ಕೈ ಆಡಿಸುವುದು ದೇಹಕ್ಕಿಂತ ಮನಸ್ಸಿಗೆ ಹೆಚ್ಚು ಕಷ್ಟ. ಮುಂದೆ ಎದುರಾದ ಪರೀಕ್ಷೆಯೂ ಬಹುಪಾಲು ಮನಸ್ಸಿನದೇ ಆಗಿತ್ತು.

1959ರ ಜುಲೈ 24ರಂದು ಆರತಿ, ವ್ಯವಸ್ಥಾಪಕರಾಗಿದ್ದ ಅರುಣ್ ಗುಪ್ತಾ ಅವರೊಂದಿಗೆ ಇಂಗ್ಲೆಂಡಿಗೆ ತೆರಳಿದರು. ಆಗಸ್ಟ್ 13ರಿಂದ ಕಾಲುವೆಯ ನೀರಿನಲ್ಲೇ ಅಭ್ಯಾಸ ಆರಂಭವಾಯಿತು. ಇಟಲಿಯ ನೇಪಲ್ಸ್‌ನಲ್ಲಿ ಸ್ಪರ್ಧೆ ಮುಗಿಸಿ ಬಂದಿದ್ದ ಡಾ. ಬಿಮಲ್ ಚಂದ್ರ ಮಾರ್ಗದರ್ಶನ ನೀಡಿದರು.

ಕಾಲುವೆಯಲ್ಲ, ಕಡಲು

ಕಾಲುವೆ ಎಂದ ಮಾತ್ರಕ್ಕೆ ಆಲಮಟ್ಟಿ ಎಡದಂಡೆ ಕಾಲುವೆಯಂಥದನ್ನು ಊಹಿಸಿಕೊಳ್ಳುವಂತಿಲ್ಲ. ಇದು ಅಟ್ಲಾಂಟಿಕ್ ಸಾಗರವನ್ನು ಉತ್ತರ ಸಮುದ್ರಕ್ಕೆ ಕೂಡಿಸುವ ಕಡಲಿನ ತೋಳು. ಅತ್ಯಂತ ಕಿರಿದಾದ ಕಡೆ, ಫ್ರಾನ್ಸಿನ ಕೇಪ್ ಗ್ರಿಸ್ ನೆ ಭೂಶಿರಕ್ಕೂ ಇಂಗ್ಲೆಂಡಿನ ಡೋವರ್ ಕಡೆಗಿನ ದಂಡೆಗೂ ಸುಮಾರು 34 ಕಿ.ಮೀ. ಅಂತರ. ವಿಜಯಪುರದಿಂದ ಬಸವನಬಾಗೇವಾಡಿಗೆ ಹೋಗುವ ಹಾದಿಗಿಂತ ಕಡಿಮೆ. ಆದರೆ ನೇರವಾಗಿ ಈಜಿ ದಾಟಿದವರು ಯಾರೂ ಇಲ್ಲ. ನೀರಿನ ಸೆಳೆತ ಸುಮಾರು ಆರು ಗಂಟೆಗೊಮ್ಮೆ ದಿಕ್ಕು ಬದಲಿಸುತ್ತದೆ. ಒಮ್ಮೆ ಉತ್ತರ ಸಮುದ್ರದ ಕಡೆಗೆ ಎಳೆದರೆ ಮತ್ತೊಮ್ಮೆ ಅಟ್ಲಾಂಟಿಕ್ ಕಡೆಗೆ ಎಳೆಯುತ್ತದೆ. ಈಜುಗಾರ ದಡವನ್ನೇ ಗುರಿಯಾಗಿಸಿ ಕೈ ಹಾಕುತ್ತಿದ್ದರೂ ದೇಹ ಅಡ್ಡಡ್ಡ ತೇಲಿ ಹಾವಿನಂಥ ಡೊಂಕು ದಾರಿಯಲ್ಲಿ ಸಾಗುತ್ತದೆ. ಆರತಿ ಗೆದ್ದ ದಿನದ ದಾರಿಯನ್ನು 42 ಮೈಲಿ ಎಂದು ಲೆಕ್ಕ ಹಾಕಲಾಗಿದೆ. ವಿಜಯಪುರದಿಂದ ಹೊರಟು ಸಿಂದಗಿಯನ್ನೂ ದಾಟಿ ಮುಂದೆ ಹೋದಷ್ಟು ದೂರವಾಯಿತು.

ಆದ್ದರಿಂದ ಇಲ್ಲಿ ದಿನವನ್ನು ಆರಿಸಿಕೊಳ್ಳುವುದೇ ಅರ್ಧ ವಿದ್ಯೆ. ಮೊದಲನೆಯದು ಚಂದ್ರನ ಲೆಕ್ಕ. ಅಮಾವಾಸ್ಯೆ, ಹುಣ್ಣಿಮೆಗಳ ಸುಮಾರಿಗೆ ಉಬ್ಬರ ಇಳಿತಗಳ ರಭಸ ಹೆಚ್ಚು; ಅಷ್ಟಮಿಗಳ ಆಚೀಚೆ ಕಡಿಮೆ. ಆದಕಾರಣ ಸಾಮಾನ್ಯವಾಗಿ ಅಷ್ಟಮಿಯ ಆಸುಪಾಸಿನ ಕೆಲವು ದಿನಗಳನ್ನೇ ಈಜಿಗೆ ಗೊತ್ತುಪಡಿಸುತ್ತಾರೆ. ಎರಡನೆಯದು ಗಾಳಿ. ಗಾಳಿಯೂ ಸೆಳೆತವೂ ಎದುರುಬದುರಾದರೆ ಅಲೆಗಳು ಕಡಿದಾಗಿ ಎದ್ದು ಬಾಯಿಗೆ ಉಪ್ಪುನೀರು ನುಗ್ಗುತ್ತದೆ. ಹೊಟ್ಟೆ ಕದಡಿ, ಕುಡಿದದ್ದೆಲ್ಲ ಹೊರಬಂದು, ಬಲ ಸೋರಿಹೋಗುತ್ತದೆ. ಮೂರನೆಯದು ಮಂಜು, ಹಡಗುಗಳು ಓಡಾಡುವ ಹೆದ್ದಾರಿಯಂಥ ಆ ನೀರಿನಲ್ಲಿ ಮಂಜು ಕವಿದರೆ ಪ್ರಾಣಕ್ಕೇ ಸಂಚಕಾರ. ಇವೆಲ್ಲ ಅನುಕೂಲವಾದರೂ ನೀರಿನ ಚಳಿ ತಪ್ಪಿದ್ದಲ್ಲ. ಬೇಸಿಗೆಯ ಕೊನೆಯಲ್ಲಿ ಅದು 16ರಿಂದ 18 ಡಿಗ್ರಿ ಸೆಲ್ಸಿಯಸ್. ಬಂಗಾಳದ ಕೊಳಗಳಲ್ಲಿ ಬೆಳೆದ ಮೈಗೆ ಹಿಮದ ಸ್ಪರ್ಶವೇ ಸರಿ. ಮೈಗೆ ಕೊಬ್ಬಿನ ಲೇಪ ಹಚ್ಚಿಕೊಂಡು ಇಳಿಯಬೇಕು. ಜೊತೆಗೆ ಬರುವ ದೋಣಿಯನ್ನು ಮುಟ್ಟುವಂತಿಲ್ಲ; ಮುಟ್ಟಿದರೆ ಈಜು ಅಲ್ಲಿಗೆ ಮುಗಿಯಿತು. ಜೂನ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಮಾತ್ರ ಇದಕ್ಕೆ ಕಾಲ.

ಕಾಯುವುದು ಈ ಕಾಲುವೆಯ ಮೊದಲ ಈಜಿನಿಂದಲೂ ಬಂದ ಕ್ರಮ. 1875ರ ಆಗಸ್ಟ್ 12ರಂದು ಕ್ಯಾಪ್ಟನ್ ಮ್ಯಾಥ್ಯೂ ವೆಬ್ ಬಿರುಗಾಳಿಗೆ ಸಿಕ್ಕು ಅರ್ಧದಲ್ಲೇ ಪ್ರಯತ್ನ ಕೈಬಿಟ್ಟರು. ಹನ್ನೆರಡು ದಿನ ಬಿಟ್ಟು ಮತ್ತೆ ನೀರಿಗೆ ಇಳಿದು, 21 ಗಂಟೆ 45 ನಿಮಿಷ ಈಜಿ ದಡ ಸೇರಿದರು. ಯಾರ ನೆರವೂ ಇಲ್ಲದೆ ಕಾಲುವೆ ದಾಟಿದ ಮೊದಲ ಮನುಷ್ಯ ಅವರೇ.

ಕೈತಪ್ಪಿದ 40 ನಿಮಿಷ

ರಜಾ ಶಿಬಿರಗಳ ಉದ್ಯಮಿ ಬಿಲ್ಲಿ ಬಟ್ಲಿನ್ ಪ್ರಾಯೋಜಿಸಿದ್ದ ಸ್ಪರ್ಧೆ ನಡೆದದ್ದು 1959ರ ಆಗಸ್ಟ್ 27ರಂದು. ಶ್ರಾವಣ ಬಹುಳ ಅಷ್ಟಮಿಯ ಆಸುಪಾಸು. ಚಂದ್ರನ ಲೆಕ್ಕದಲ್ಲಿ ಒಳ್ಳೆಯ ದಿನವೇ. 23 ದೇಶಗಳ 58 ಸ್ಪರ್ಧಿಗಳು, ಅವರಲ್ಲಿ ಐವರು ಮಹಿಳೆಯರು. ಕೇಪ್ ಗ್ರಿಸ್ ನೆ ದಂಡೆಯಿಂದ ಸ್ಥಳೀಯ ಸಮಯ ರಾತ್ರಿ 1 ಗಂಟೆಗೆ ಹೊರಡಬೇಕು. ಆರತಿಗೆ ಗೊತ್ತುಮಾಡಿದ್ದ ದೋಣಿ ಮಾತ್ರ ಆ ಹೊತ್ತಿಗೆ ಬರಲಿಲ್ಲ. ಉಳಿದವರು ಕತ್ತಲೆಯಲ್ಲಿ ನೀರಿಗಿಳಿದು ಹೋದರು. ಆರತಿ ಹೊರಟಾಗ 40 ನಿಮಿಷ ಕಳೆದಿದ್ದವು.

ರಸ್ತೆಯ ಮೇಲೆ 40 ನಿಮಿಷ ತಡವಾದರೆ ಅಷ್ಟೇ ತಡವಾಗಿ ಊರು ಸೇರಬಹುದು. ಕಡಲಿನ ಲೆಕ್ಕ ಹಾಗಲ್ಲ. ದಂಡೆಯ ಹತ್ತಿರ ಬರುವಾಗ ಸೆಳೆತ ಯಾವ ಕಡೆಗೆ ಇರಬೇಕು ಎಂಬುದನ್ನು ಹೊರಡುವ ಗಳಿಗೆಯಲ್ಲೇ ಎಣಿಸಿರುತ್ತಾರೆ. ಆ ಎಣಿಕೆ ತಪ್ಪಿದರೆ ಕೊನೆಯ ಮೈಲಿಗಳು ಗೋಡೆಯಾಗಿ ನಿಲ್ಲುತ್ತವೆ. ಆದದ್ದೂ ಹಾಗೆಯೇ. ಬೆಳಿಗ್ಗೆ 11 ಗಂಟೆಯ ಹೊತ್ತಿಗೆ ಇಂಗ್ಲೆಂಡಿನ ದಂಡೆ 5 ಮೈಲಿ ದೂರದಲ್ಲಿತ್ತು. ಅಲ್ಲಿಂದ ಸೆಳೆತ ಎದುರಾಯಿತು. ಸಂಜೆ 4 ಗಂಟೆಯವರೆಗೆ, ಐದು ಗಂಟೆಗಳ ಕಾಲ ಹೋರಾಡಿ ಅವರು ಮುಂದೆ ಸಾಗಿದ್ದು ಸುಮಾರು 2 ಮೈಲಿ ಮಾತ್ರ. ಆರತಿಗೆ ಬಿಡುವ ಮನಸ್ಸಿರಲಿಲ್ಲ. ದೋಣಿಯವನ ಒತ್ತಾಯಕ್ಕೆ ಮಣಿದು ನೀರಿನಿಂದ ಮೇಲೆ ಬರಬೇಕಾಯಿತು. ಹದಿನಾಲ್ಕು ಗಂಟೆಗೂ ಮಿಕ್ಕಿದ ಶ್ರಮ ನೀರುಪಾಲಾಯಿತು.

ಮನೆಗೆ ಮರಳಲು ಕಾರಣಗಳಿಗೆ ಕೊರತೆಯಿರಲಿಲ್ಲ. ಸ್ಪರ್ಧೆ ಮುಗಿದಿತ್ತು. ತಂದ ಹಣ ಸ್ಪರ್ಧೆಗೆಂದು ತಂದದ್ದು. ಎಲ್ಲ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಅರುಣ್ ಗುಪ್ತಾ ಕಾಯಿಲೆ ಬಿದ್ದರು. ಇನ್ನೊಮ್ಮೆ ಈಜುವುದಾದರೆ ಜೊತೆಗೆ ಪ್ರತಿಸ್ಪರ್ಧಿಗಳೂ ಇಲ್ಲ, ನೆರೆದ ಜನವೂ ಇಲ್ಲ. ತಾನು, ದೋಣಿ, ನೀರು. ಆರತಿ ಉಳಿಯಲು ತೀರ್ಮಾನಿಸಿ ಅಭ್ಯಾಸ ಮುಂದುವರಿಸಿದರು.

ಹದ ಕಾಯುವ ಕೆಲಸ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ತಾಲ್ಲೂಕುಗಳ ರೈತರಿಗೆ ಈ ಕಾಯುವಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಘಾ ಮಳೆ ಕೈಕೊಟ್ಟರೆ ಹುಬ್ಬಾ, ಹುಬ್ಬಾ ಕೈಕೊಟ್ಟರೆ ಉತ್ತರಾ ಎಂದು ಮುಗಿಲು ನೋಡುತ್ತ ಕುಳಿತು, ಎರೆಹೊಲದಲ್ಲಿ ಹದ ಕೂಡಿಬಂದ ದಿನ ಕೂರಿಗೆ ಹೂಡಿ ಬಿಳಿಜೋಳ ಬಿತ್ತುವುದು ಇಲ್ಲಿಯ ಹಿಂಗಾರಿ ಪದ್ಧತಿ. ಹದವಿಲ್ಲದೆ ಬಿತ್ತಿದರೆ ಬೀಜಕ್ಕೆ ನಷ್ಟ, ಹದ ಆರಿದ ಮೇಲೆ ಬಿತ್ತಿದರೆ ಬೆಳೆಗೆ ನಷ್ಟ. ಕೃಷ್ಣೆಗೆ ಅಣೆಕಟ್ಟು ಕಟ್ಟುವ ಮುಂಚೆ ಹೊಳೆ ತುಂಬಿ ಬಂದಾಗ ಆಚೆ ದಂಡೆಗೆ ಹೋಗಬೇಕಾದವರು ಹರಿಗೋಲು ಬಿಡುವ ತನಕ ಈಚೆಯಲ್ಲೇ ಕಾಯಬೇಕಾಗುತ್ತಿತ್ತು. ಆರತಿ ಸೋತ ದಿನ ಪಂಚಾಂಗದ ಲೆಕ್ಕದಲ್ಲಿ ಮಘಾ ಮಳೆಯ ಕೊನೆಯ ದಿನಗಳು. ಗೆದ್ದ ದಿನ ಹಸ್ತಾ ಮಳೆಯ ಆರಂಭ. ಬಿತ್ತನೆಗೆ ಈ ಸೀಮೆಯ ರೈತ ಕಾಯುವ ಅವೇ ವಾರಗಳನ್ನು ಅವರು ಕಡಲಿನ ಎದುರಿನಲ್ಲಿ ಕಳೆದರು.

ಹಾಗೆ ಕಾಯುವುದು ಸುಮ್ಮನೆ ಕುಳಿತಿರುವುದಲ್ಲ. ಚಳಿಗೆ ಒಗ್ಗಿದ ಮೈ ಬಹಳ ದಿನ ನೀರು ಬಿಟ್ಟರೆ ಆ ಒಗ್ಗರಣೆಯನ್ನು, ಅಂದರೆ ಪಳಗಿದ ಗುಣವನ್ನು, ಕಳೆದುಕೊಳ್ಳುತ್ತದೆ, ದಿನವೂ ಇಳಿಯಬೇಕು. ಆದರೆ ದಣಿಯುವಷ್ಟು ಈಜಬಾರದು, ಏಕೆಂದರೆ ಕರೆ ಯಾವ ರಾತ್ರಿ ಬರುವುದೋ ತಿಳಿಯದು. ಚೆನ್ನಾಗಿ ಉಣ್ಣಬೇಕು, ಮೈಯಲ್ಲಿ ಕೊಬ್ಬು ಇರಬೇಕು. ನಿದ್ರೆ ಕೆಡಬಾರದು. ಗಾಳಿಯ ಮುನ್ಸೂಚನೆ ಬೆಳಿಗ್ಗೆ ಒಂದು ಬಗೆಯಾದರೆ ಸಂಜೆ ಮತ್ತೊಂದು ಬಗೆ. ಕಡೆಯ ಮಾತು ದೋಣಿ ನಡೆಸುವವನದು. ಅವನು ಒಲ್ಲೆ ಎಂದರೆ ಆ ದಿನ ಇಲ್ಲ. ಸೆಪ್ಟೆಂಬರ್ ಎರಡನೆಯ ವಾರದ ಅಷ್ಟಮಿ ಬಂದು ಹೋಯಿತು. ಹಗಲು ಕುಗ್ಗುತ್ತಿತ್ತು. 24ರಂದು ಆರತಿಗೆ 19 ವರ್ಷ ತುಂಬಿತು. ಮನೆಯಿಂದ ಸಾವಿರಾರು ಮೈಲಿ ದೂರದಲ್ಲಿ ಕಳೆದ ಹುಟ್ಟುಹಬ್ಬ. ಅದೂ ಬಹುಳ ಅಷ್ಟಮಿಯ ಸುಮಾರೇ.

ಈಗ ದಿನಗಳ ಲೆಕ್ಕವನ್ನು ಒಮ್ಮೆ ಗಮನಿಸಬೇಕು. ಆ ವರ್ಷ ಮಹಾಲಯ ಅಮಾವಾಸ್ಯೆ ಅಕ್ಟೋಬರ್ 2ರಂದು ಬಿದ್ದಿತ್ತು. ಅಂದು ಸೂರ್ಯಗ್ರಹಣವೂ ಇತ್ತು. ಅಮಾವಾಸ್ಯೆ ಸಮೀಪಿಸಿದಂತೆ ಸೆಳೆತ ಬಲಿಯುತ್ತದೆ. ಅದು ಇಳಿದು ಮತ್ತೆ ಅಷ್ಟಮಿ ಬರುವ ಹೊತ್ತಿಗೆ ಅಕ್ಟೋಬರ್ ಎರಡನೆಯ ವಾರ. ಆಗ ಗಾಳಿ, ಚಳಿ ಎರಡೂ ಏರಿ ಈಜಿನ ಕಾಲವೇ ಮುಗಿದಿರುತ್ತದೆ. ಹೀಗಾಗಿ ಸೆಪ್ಟೆಂಬರ್ 29 ಎಂಬುದು ಆ ವರ್ಷದ ಮಟ್ಟಿಗೆ ಬಾಗಿಲು ಮುಚ್ಚುವ ಮುನ್ನಿನ ಗಳಿಗೆಯಾಗಿತ್ತು. ಸೋತಿದ್ದರೆ ಇನ್ನೊಂದು ವರ್ಷ, ಇನ್ನೊಂದು ಪ್ರಯಾಣ, ಮತ್ತೆ ಹಣ ಕೂಡಿಸುವ ಕೆಲಸ.

ಆ ದಿನ ಆರತಿ ಕೇಪ್ ಗ್ರಿಸ್ ನೆ ದಂಡೆಯಿಂದಲೇ ಮತ್ತೆ ನೀರಿಗಿಳಿದರು. ಕಡಲು ಶಾಂತವಾಗಿತ್ತೆಂದು ಭಾವಿಸಬಾರದು. ದಾರಿಯುದ್ದಕ್ಕೂ ದೊಡ್ಡ ಅಲೆಗಳೊಡನೆ ಸೆಣಸಬೇಕಾಯಿತು. ಮೊದಲ ಸಲ ಕೈಬಿಟ್ಟ ಅವಧಿಯನ್ನು ಮೀರಿ ಮತ್ತೆ ಎರಡು ಗಂಟೆಗಳಷ್ಟು ಹೆಚ್ಚು ಈಜಿ, 16 ಗಂಟೆ 20 ನಿಮಿಷಗಳಿಗೆ ಇಂಗ್ಲೆಂಡಿನ ಸ್ಯಾಂಡ್‌ಗೇಟ್ ದಂಡೆಯನ್ನು ಮುಟ್ಟಿದರು. ಅಲ್ಲಿ ತ್ರಿವರ್ಣ ಧ್ವಜ ಏರಿಸಿದರು. ಮೊದಲು ಅಭಿನಂದಿಸಿದವರು ಲಂಡನ್ನಿನಲ್ಲಿ ಭಾರತದ ಹೈಕಮಿಷನರ್ ಆಗಿದ್ದ ವಿಜಯಲಕ್ಷ್ಮಿ ಪಂಡಿತ್. ಮರುದಿನ ಆಕಾಶವಾಣಿ ಸುದ್ದಿಯನ್ನು ದೇಶಕ್ಕೆ ತಿಳಿಸಿತು. ಕಲ್ಕತ್ತಾದಲ್ಲಿ ಆಗ ದುರ್ಗಾಪೂಜೆಯ ಸಿದ್ಧತೆಯ ದಿನಗಳು.

1960ರಲ್ಲಿ ಭಾರತ ಸರ್ಕಾರ ಪದ್ಮಶ್ರೀ ನೀಡಿ ಗೌರವಿಸಿತು. ಕ್ರೀಡಾಪಟುವಾಗಿ ಆ ಪ್ರಶಸ್ತಿ ಪಡೆದ ಮೊದಲ ಭಾರತೀಯ ಮಹಿಳೆ ಅವರು. ಕಾಲುವೆ ದಂಡೆಯ ಕಷ್ಟದ ದಿನಗಳಲ್ಲಿ ಜೊತೆಗಿದ್ದ ಅರುಣ್ ಗುಪ್ತಾ ಅವರನ್ನೇ ವಿವಾಹವಾದರು. ರೈಲ್ವೆಯಲ್ಲಿ ನೌಕರಿ ಮಾಡಿದರು. ಇಪ್ಪತ್ತರೊಳಗೇ ಬದುಕಿನ ಅತಿ ದೊಡ್ಡ ಕೆಲಸ ಮುಗಿಸಿದವರಿಗೆ ಉಳಿದ ವರ್ಷಗಳು ಹೇಗಿರುತ್ತವೆ ಎಂಬುದನ್ನು ಪ್ರಶಸ್ತಿ ಪತ್ರಗಳು ಹೇಳುವುದಿಲ್ಲ. ಮನೆ, ನೌಕರಿ, ಮಗಳು ಎಂಬ ಸಾಧಾರಣ ಸಂಸಾರ ಅವರದಾಗಿತ್ತು. 1994ರ ಆಗಸ್ಟ್ 4ರಂದು ಕಾಮಾಲೆ ಮತ್ತು ಮಿದುಳು ಉರಿಯೂತದಿಂದ ಆಸ್ಪತ್ರೆ ಸೇರಿದ ಆರತಿ, 19 ದಿನಗಳ ಬಳಿಕ, ಆಗಸ್ಟ್ 23ರಂದು ನಿಧನರಾದರು. ಅವರಿಗೆ 54 ತುಂಬಲು ಇನ್ನೊಂದು ತಿಂಗಳಿತ್ತು.

1996ರಲ್ಲಿ ಅವರ ಮನೆಯ ಬಳಿ ಅರ್ಧಪ್ರತಿಮೆ ಸ್ಥಾಪನೆಯಾಯಿತು. ಅಂಚೆ ಇಲಾಖೆ 1999ರಲ್ಲಿ ಅವರ ಚಿತ್ರವಿರುವ 3 ರೂಪಾಯಿಯ ಅಂಚೆಚೀಟಿ ಹೊರತಂದಿತು. ಬಂಗಾಳದ ಮತ್ತೊಬ್ಬ ಈಜುಗಾರ್ತಿ ಬುಲಾ ಚೌಧರಿ ಎರಡನೆಯ ಸಲ ಇಂಗ್ಲಿಷ್ ಕಾಲುವೆ ದಾಟಿದ್ದು ಅದೇ ವರ್ಷ.